ಕಣ್ತಪ್ಪಿದ ಕಾಯಿ

ನೀಗಾತದ ನನ್ನ ತವರಿನಲ್ಲಿ ಹೀರೆಯೆಂದರೆ
ಬಚ್ಚಲ ಗೋಡೆಯ ಮೊಳೆಗೆ ತೂಗಿದ ಒಣ ನಾರು.
ಅದನ್ನು ಉಣ್ಣುತ್ತಾರೆಂದು ಗೊತ್ತಾದದ್ದು
ಓಕಿನಾವಾಕ್ಕೆ ಸೊಸೆಯಾಗಿ ಬಂದ ಮೂರನೇ ದಿನ,
ಅತ್ತೆ ಮುಂದಿಟ್ಟ ಬಟ್ಟಲಲ್ಲಿ.
ಬೆನ್ನುಜ್ಜುವುದನ್ನು ನುಂಗುವುದು ಹೇಗೆ?
ತೋಫು ಮಾತ್ರ ಆರಿಸಿಕೊಂಡೆ.
ನೋಡಿದಳು. ಏನೂ ಅನ್ನಲಿಲ್ಲ.
ಮರುದಿನ ತೋಫು ಹಾಕದೆ ಮಾಡಿದಳು.

ಅತ್ತೆಯ ಹೆಸರು ನಬೆ; ಅಂದರೆ ಪಾತ್ರೆ.
ಹೀರೆಗೆ ಇಲ್ಲಿ ನಾಬೇರಾ; ಅಂದರೆ ಪಾತ್ರೆ ತೊಳೆಯುವುದು.
"ನನ್ನನ್ನು ತಿಕ್ಕಲಿಕ್ಕೆಂದೇ ಹುಟ್ಟಿದೆ, ನೋಡು"
ಎಂದು ತಾನೇ ಮೊದಲು ನಗುವಳು.
ಒಂದೇ ಚಟಾಕಿ, ಬೇಸಿಗೆಗೆ ನೂರು ಸಲ.

ಮಾರ್ಚಿಯಲ್ಲಿ ಬೀಜದ ಕಪ್ಪು ಅಂಚನ್ನು
ಉಗುರು ಕತ್ತರಿಸುವುದರಿಂದ ಚೂರೇ ಚೂರು ಕಚ್ಚಿಸಿ
ಮಾವನ ಚಹಾ ಬಟ್ಟಲಲ್ಲಿ ನೆನೆಹಾಕುತ್ತಾಳೆ.
(ಮಾವ ಒಮ್ಮೆ ಕತ್ತಲಲ್ಲಿ ಕುಡಿದದ್ದೂ ಉಂಟು.)
ಹರಿದ ಮೀನುಬಲೆಯನ್ನು ತಾರಸಿಯಿಂದ ಇಳಿಬಿಟ್ಟು
ಪಡುವಣ ಕಿಟಕಿಗೆ ಅಡ್ಡ ಕಟ್ಟುತ್ತಾಳೆ.
ಜೂನಿನಷ್ಟೊತ್ತಿಗೆ ಅಡುಗೆಮನೆಯ ಬೆಳಕೆಲ್ಲ ಹಸಿರು,
ಅನ್ನ ಹಸಿರು, ಮಾವನ ಬೋಳುತಲೆ ಹಸಿರು.

ಮೊದಮೊದಲು ಬರೀ ಗಂಡುಹೂ, ಗೊಂಚಲು ಗೊಂಚಲು,
ಬೆಳಿಗ್ಗೆ ಬಿರಿದು ಸಂಜೆಗೆ ನೆಲಕ್ಕೆ.
"ಗಂಡಸರ ಸಂತೆ, ವ್ಯಾಪಾರವಿಲ್ಲ" ಎನ್ನುತ್ತಾಳೆ ನಬೆ.
ಹೆಣ್ಣುಹೂವಿಗೆ ಅರಳುವ ಮುಂಚೆಯೇ
ಕೊರಳ ಹಿಂದೆ ಕಿರುಬೆರಳಿನಷ್ಟು ಕಾಯಿ.
ಅದನ್ನು ತೋರಿಸಿ ನನ್ನ ಹೊಟ್ಟೆ ನೋಡಿದಳು.
ನಾನು ಪೊರಕೆ ತಂದು ಹಳದಿಯನ್ನೆಲ್ಲ ಗುಡಿಸಿದೆ.
ಎರಡೆರಡು ಸಲ ಗುಡಿಸಿದೆ.

ಗೇಣುದ್ದವಿರುವಾಗಲೇ ಕೊಯ್ಯಬೇಕು,
ತಡವಾದರೆ ಬಾಯಿಗೆ ನಾರು.
ಕೊಯ್ಯುವ ಕೆಲಸ ನನಗೆ ಬಿತ್ತು.
ನೀರಿನ ಟ್ಯಾಂಕಿನ ಹಿಂದೆ ಒಂದನ್ನು, ಬೇಕೆಂದೇ,
ಎಲೆ ಎಳೆದು ಮುಚ್ಚಿ ಬಿಟ್ಟುಬಿಟ್ಟೆ.
ನನ್ನದೆನ್ನುವುದು ಆ ಮನೆಯಲ್ಲಿ
ಒಂದು ಪೆಟ್ಟಿಗೆ, ಒಂದು ಬಾಚಣಿಗೆ, ಆ ಕಾಯಿ.

ಆಗಸ್ಟಿನ ಬಿರುಗಾಳಿ ಎಲೆಯನ್ನೆಲ್ಲ ಚಿಂದಿ ಮಾಡಿ ಹೋಯಿತು.
ನನ್ನ ಗುಟ್ಟು ಮೊಳದುದ್ದ ಬೆಳೆದು
ಬೀದಿಗೆಲ್ಲ ಕಾಣುವಂತೆ ತೂಗುತ್ತಿತ್ತು.
ನಬೆ ಕುಳಿತಲ್ಲಿಂದ ಎದ್ದು ಬಂದು
ಹಲಸು ನೋಡುವವರ ಹಾಗೆ ಬೆರಳಲ್ಲಿ ತಟ್ಟಿ ಕಿವಿಗೊಟ್ಟಳು.
"ವರ್ಷಕ್ಕೊಂದು ನನ್ನ ಕಣ್ಣಿಗೂ ಕಾಣುವುದಿಲ್ಲ" ಎಂದಳು.
"ಎಲ್ಲ ಕಂಡರೆ ಬರುವ ಮಾರ್ಚಿಗೆ ಬೀಜವೆಲ್ಲಿ?"

ಬಕೆಟ್ಟಿನಲ್ಲಿ ಮುಳುಗಿಸಿ, ಮೇಲೊಂದು ಕಲ್ಲು ಹೇರಿ ಕೊಳೆಸಿದೆವು.
ನಾತಕ್ಕೆ ಪಕ್ಕದ ಚಿನೆನ್ ಮನೆಯವರು
ಸುಡುಬಿಸಿಲಲ್ಲೂ ಕಿಟಕಿ ಹಾಕಿಕೊಂಡರು.
ಹದಿನೆಂಟನೇ ದಿನ ಸಿಪ್ಪೆ ತಾನಾಗಿ ಜಾರಿ
ಒಳಗಿನ ನೇಯ್ಗೆ ಹೊರಬಂತು:
ಹಾಸೆಲ್ಲಿ ಹೊಕ್ಕೆಲ್ಲಿ ತಿಳಿಯದ, ಗಂಟಿಲ್ಲದ,
ಹೀರಿದ್ದನ್ನೆಲ್ಲ ಬಿಟ್ಟುಕೊಟ್ಟು ಹಗುರಾದ ಹೀರೆ.
ಕೊಡವಿದರೆ ಬೀಜ ಚಟಪಟ.
ಅರ್ಧ ಕತ್ತರಿಸಿ ಕೊಟ್ಟಳು. ಅರ್ಧ ಅವಳ ಬಾಣಲೆಗೆ.
ಅಂದು ರಾತ್ರಿ ಮೊದಲ ಸಲ
ಅವಳ ಬೆನ್ನು ತಿಕ್ಕಿದೆ.
ಎಡ ಹೆಗಲಲ್ಲೊಂದು ಹಳೆಯ ಸುಟ್ಟ ಗಾಯ; ಅಲ್ಲಿ ಕೈ ಹಗುರ ಮಾಡಿದೆ.
"ಅಲ್ಲೂ ತಿಕ್ಕು" ಎಂದಳು.

ಅಕ್ಟೋಬರಿನ ಹುಣ್ಣಿಮೆಗೆ ನನ್ನ ಸರದಿ.
ನಮ್ಮಮ್ಮ ಮಾಡುತ್ತಿದ್ದ ಹಾಗೆ
ಬಳ್ಳಿಯನ್ನು ಮೊಣಕಾಲೆತ್ತರಕ್ಕೆ ಕಡಿದು
ಬುಡದ ತುಂಡನ್ನು ಬಗ್ಗಿಸಿ ಸಾರಾಯಿ ಸೀಸೆಯ ಬಾಯಿಗೆ ಇಳಿಸಿ
ಸುತ್ತ ಹತ್ತಿ ತುರುಕಿದೆ.
ಮೇಲೆ ಎಲೆಯಿಲ್ಲ, ಹೂವಿಲ್ಲ;
ಬೇರಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.
ರಾತ್ರಿಯಿಡೀ ನೀರೆತ್ತಿ ಎತ್ತಿ ಕೊಡುತ್ತಿತ್ತು,
ಟಪ್, ಟಪ್, ಇಲ್ಲದ ಬಳ್ಳಿಗೆ.

ಬೆಳಿಗ್ಗೆ ಸೀಸೆ ಕತ್ತಿನವರೆಗೆ.
ಮುಖಕ್ಕೆ ಹಚ್ಚುವುದು, ಬಿಸಿಲು ತಿಂದ ಚರ್ಮಕ್ಕೆ ಒಳ್ಳೆಯದು, ಎಂದೆ.
ನಬೆ ಮೂಸಿದಳು. ಬೆಳಕಿಗೆ ಹಿಡಿದಳು.
ನಾನು ತಡೆಯುವುದರೊಳಗೆ ಒಂದು ಗುಟುಕು ಕುಡಿದು,
ಬಾಯಲ್ಲೇ ಕೊಂಚ ಹೊತ್ತು ಇಟ್ಟುಕೊಂಡು, ನುಂಗಿ,

"ಉಪ್ಪು ಸಾಲದು" ಎಂದಳು.